ಕಾಲಾವಕಾಶ ಬೇಡಿದ ಸಾಲಗಾರ

ತೀರಿಸಲಾಗದ ಸಾಲ ಮೈಮೇಲೆ ಬಿದ್ದಾಗ ಮನುಷ್ಯನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಇದ್ದುದನ್ನೆಲ್ಲ ನ್ಯಾಯಾಲಯಕ್ಕೆ ಒಪ್ಪಿಸಿ, ದಿವಾಳಿಯೆಂದು ಘೋಷಿಸಿಕೊಂಡು, ಕಾನೂನಿನ ಮೂಲಕ ಋಣಮುಕ್ತನಾಗುವುದು ಒಂದು. ಸಾಲ ಕೊಟ್ಟವರೊಡನೆ ಒಡಂಬಡಿಕೆ ಮಾಡಿಕೊಂಡು, ಬೆನ್ನು ಬಾಗಿದರೂ ಕಂತುಕಂತಾಗಿ ತೀರಿಸುವುದು ಇನ್ನೊಂದು. ಯಾವುದು ಧರ್ಮ? ಈ ಪ್ರಶ್ನೆ ಎದುರಾದಾಗ ನನಗೆ ನೆನಪಾಗುವುದು ಇಂಗ್ಲಿಷ್ ಸಾಹಿತ್ಯದ ಪ್ರಸಿದ್ಧ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಅವರ ಬಾಳು.

ಸ್ಕಾಟರು 1771ರ ಆಗಸ್ಟ್ 15ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದರು. ಮನೆತನ ಪ್ರೊಟೆಸ್ಟಂಟ್, ತಂದೆ ವಕೀಲರು. ಹಸುಗೂಸಾಗಿದ್ದಾಗ ಬಂದ ಕಾಯಿಲೆಯಿಂದ ಬಲಗಾಲು ಊನವಾಗಿ, ಜೀವನವಿಡೀ ಕುಂಟುತ್ತಲೇ ನಡೆದರು. ತಂದೆಯ ಹಾದಿಯಲ್ಲೇ ಕಾನೂನು ಕಲಿತು, ಮುಂದೆ ಸೆಲ್ಕರ್ಕ್ ಜಿಲ್ಲೆಯ ಷೆರಿಫ್ ಆಗಿ, ಉಚ್ಚ ನ್ಯಾಯಾಲಯದ ಗುಮಾಸ್ತರಾಗಿ ಕೆಲಸ ಮಾಡಿದರು. ಮೊದಲು ಕಾವ್ಯ, 1814ರ 'ವೇವರ್ಲಿ'ಯಿಂದ ಕಾದಂಬರಿ. ಕಾದಂಬರಿಗಳಿಗೆ ಹೆಸರು ಹಾಕಲಿಲ್ಲ. ಆದರೂ ಕೀರ್ತಿ ಬಂತು, ಹಣ ಬಂತು, 1820ರಲ್ಲಿ ಸರ್ ಪದವಿಯೂ ಬಂತು.

ಆದರೆ ಅವರಲ್ಲಿ ಎರಡು ದೌರ್ಬಲ್ಯಗಳಿದ್ದವು. ಒಂದು, ಭೂಮಿಯ ಆಸೆ. ಟ್ವೀಡ್ ನದಿಯ ದಡದಲ್ಲಿ 1811ರಲ್ಲಿ ಸಣ್ಣ ಹೊಲವೊಂದನ್ನು ಕೊಂಡರು. ಹಿಂದೆ ಮೆಲ್‌ರೋಸ್ ಮಠದ ಸನ್ಯಾಸಿಗಳಿಗೆ ಸೇರಿದ್ದ ಜಾಗವಾದ್ದರಿಂದ ಅದಕ್ಕೆ ಆಬಟ್ಸ್‌ಫರ್ಡ್, ಅಂದರೆ ಮಠಾಧೀಶರು ಹೊಳೆ ದಾಟುವ ಜಾಗ, ಎಂದು ಹೆಸರಿಟ್ಟರು. ವರ್ಷವರ್ಷವೂ ಜಮೀನು ಸೇರಿಸಿ, ಕೋಟೆಯಂಥ ಮನೆ ಕಟ್ಟಿಸಿದರು. ಇನ್ನೊಂದು, ಗುಟ್ಟಿನ ವ್ಯಾಪಾರ. ಬಾಲ್ಯದ ಗೆಳೆಯ ಜೇಮ್ಸ್ ಬ್ಯಾಲಂಟೈನ್ ಅವರ ಮುದ್ರಣಾಲಯದಲ್ಲಿ ಅವರು ಲೋಕಕ್ಕೆ ತಿಳಿಯದ ಪಾಲುದಾರರಾಗಿದ್ದರು. ಮುದ್ರಣಾಲಯವೂ ಪ್ರಕಾಶಕ ಕಾನ್‌ಸ್ಟೆಬಲ್ ಅವರ ಸಂಸ್ಥೆಯೂ ಒಂದರ ಹುಂಡಿಗೆ ಇನ್ನೊಂದು ಹೊಣೆಯಾಗುತ್ತ, ಹಳೆಯ ಹುಂಡಿಯನ್ನು ಹೊಸ ಹುಂಡಿಯಿಂದ ತೀರಿಸುತ್ತ ನಡೆದಿದ್ದವು. ಬರೆಯದ ಪುಸ್ತಕಗಳ ಮೇಲೂ ಹಣ ಎತ್ತಲಾಗಿತ್ತು.

1825ರ ಕೊನೆಯಲ್ಲಿ ಲಂಡನ್ನಿನ ಹಣದ ಪೇಟೆ ಕುಸಿಯಿತು. 1826ರ ಜನವರಿಯಲ್ಲಿ ಕಾನ್‌ಸ್ಟೆಬಲ್ ಅವರೊಡನೆ ವ್ಯವಹರಿಸುತ್ತಿದ್ದ ಲಂಡನ್ನಿನ ಸಂಸ್ಥೆ ಬಿತ್ತು. ಅದರೊಡನೆ ಕಾನ್‌ಸ್ಟೆಬಲ್, ಅವರೊಡನೆ ಬ್ಯಾಲಂಟೈನ್. ಪಾಲುದಾರನಾಗಿ ಸ್ಕಾಟರ ತಲೆಯ ಮೇಲೆ ಬಿದ್ದ ಹೊಣೆ ಸುಮಾರು 1,20,000 ಪೌಂಡ್. ಆಗ ಅವರ ವಯಸ್ಸು 54.

ದಿವಾಳಿಯ ದಾರಿ ತೆರೆದೇ ಇತ್ತು. ಇದ್ದುದನ್ನು ಒಪ್ಪಿಸಿಬಿಟ್ಟರೆ ಸಾಲ ಕೊಟ್ಟವರಿಗೆ ಸಿಕ್ಕಷ್ಟು ಸಿಗುತ್ತಿತ್ತು. ಅನಂತರ ಬರೆದುದರ ಹಣವೆಲ್ಲ ತಮ್ಮದೇ ಆಗುತ್ತಿತ್ತು. ಸ್ನೇಹಿತರು ಧನಸಹಾಯಕ್ಕೆ ಮುಂದೆ ಬಂದರು. ಸ್ಕಾಟರು ಎರಡನ್ನೂ ಒಪ್ಪಲಿಲ್ಲ. ಕೇಳಿದ್ದು ಒಂದೇ, ಕಾಲಾವಕಾಶ. ತಮ್ಮ ಸ್ವತ್ತನ್ನೂ ಮುಂದೆ ಬರೆಯುವ ಪುಸ್ತಕಗಳ ಗಳಿಕೆಯನ್ನೂ ಟ್ರಸ್ಟಿಗಳ ಕೈಗೆ ಒಪ್ಪಿಸಿ, ಪೂರ್ತಿ ಸಾಲ ತೀರಿಸುವುದಾಗಿ ಮಾತು ಕೊಟ್ಟರು. ಸಾಲ ಕೊಟ್ಟವರೂ ಉದಾರವಾಗಿ ನಡೆದುಕೊಂಡರು. ಆಬಟ್ಸ್‌ಫರ್ಡ್ ಮನೆಯಲ್ಲಿ ವಾಸಿಸಲು ಬಿಟ್ಟರು. ವರ್ಷಕ್ಕೆ ಸುಮಾರು 1,600 ಪೌಂಡ್ ಸರ್ಕಾರಿ ಸಂಬಳವನ್ನು ಮನೆಖರ್ಚಿಗೆ ಉಳಿಸಿಕೊಟ್ಟರು.

ಎಡಿನ್‌ಬರೋದ ಮನೆ ಮಾರಾಟವಾಯಿತು. ಅದೇ ಮೇ ತಿಂಗಳಲ್ಲಿ ಪತ್ನಿ ಶಾರ್ಲಟ್ ತೀರಿಕೊಂಡರು. ಆಗ ಸ್ಕಾಟರು ನಗರದ ಬಾಡಿಗೆ ಕೋಣೆಯಲ್ಲಿದ್ದುಕೊಂಡು ನ್ಯಾಯಾಲಯದ ಕೆಲಸ ಮಾಡುತ್ತಿದ್ದರು. ದುಃಖದಲ್ಲೂ ಲೇಖನಿ ನಿಲ್ಲಲಿಲ್ಲ. ಒಂಬತ್ತು ಸಂಪುಟಗಳ ನೆಪೋಲಿಯನ್ ಚರಿತ್ರೆ 1827ರಲ್ಲಿ ಹೊರಬಂತು. ಅದೇ ವರ್ಷ ತುಂಬಿದ ಸಭೆಯಲ್ಲಿ, ಹೆಸರಿಲ್ಲದ ಆ ಕಾದಂಬರಿಗಳನ್ನೆಲ್ಲ ಬರೆದವನು ತಾನೇ ಎಂದು ಒಪ್ಪಿಕೊಂಡರು. ಎರಡು ವರ್ಷಗಳೊಳಗೆ ಸುಮಾರು 40,000 ಪೌಂಡ್ ಗಳಿಸಿ, ಇಪ್ಪತ್ತು ಷಿಲಿಂಗಿನ ಪ್ರತಿ ಪೌಂಡಿಗೆ ಆರು ಷಿಲಿಂಗಿನಂತೆ ಮೊದಲ ಕಂತು ಕೊಟ್ಟರು.

ಆದರೂ ಎಲ್ಲರಿಗೂ ತಾಳ್ಮೆ ಇರಲಿಲ್ಲ. ಲಂಡನ್ನಿನ ಒಬ್ಬ ಲೇವಾದೇವಿದಾರ ಒಡಂಬಡಿಕೆಗೆ ಒಪ್ಪದೆ, ಸೆರೆಗೆ ಹಾಕಿಸುವ ಬೆದರಿಕೆ ಒಡ್ಡಿದ. ಹೋಲಿರೂಡ್ ಮಠದ ಆವರಣ ಹಿಂದಿನಿಂದಲೂ ಸಾಲಗಾರರಿಗೆ ಆಶ್ರಯತಾಣ. ಅಲ್ಲಿಗೆ ಹೋಗಿ ಸೇರಲು ಸ್ಕಾಟರು ಸಿದ್ಧರಾದರು. ಆಗ ಬ್ಯಾಂಕಿನ ಸರ್ ವಿಲಿಯಂ ಫೋರ್ಬ್ಸ್ ಆ ಸಾಲವನ್ನು ತಮ್ಮ ಕೈಯಿಂದ ಸದ್ದಿಲ್ಲದೆ ತೀರಿಸಿಬಿಟ್ಟರು. ಈ ಫೋರ್ಬ್ಸ್ ಯಾರು? ಯೌವನದಲ್ಲಿ ಸ್ಕಾಟರು ಮನಸಾರೆ ಪ್ರೀತಿಸಿದ್ದ ಕನ್ಯೆಯನ್ನು ಮದುವೆಯಾದವರು! 1828ರಲ್ಲಿ ಅವರು ತೀರಿಕೊಂಡ ಮೇಲೆಯೇ ಸ್ಕಾಟರಿಗೆ ಈ ಉಪಕಾರ ತಿಳಿದದ್ದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದ ದಾನವೆಂದರೆ ಇದೇ ಅಲ್ಲವೇ?

ದುಡಿಮೆಯ ಬೆಲೆ ದೇಹ ತೆತ್ತಿತು. 1830ರ ಫೆಬ್ರವರಿಯಲ್ಲಿ ಮೊದಲ ಪಾರ್ಶ್ವವಾಯು, ಮತ್ತೆಮತ್ತೆ ಬಂತು. ಬರಹ ಸೊರಗಿತು. ಅದೇ ವರ್ಷಾಂತ್ಯದಲ್ಲಿ ಇನ್ನೊಂದು ಕಂತು ಕೈಸೇರಿದಾಗ, ಸಾಲ ಕೊಟ್ಟವರು ಕೃತಜ್ಞತೆಯಿಂದ ಅವರ ಪುಸ್ತಕಗಳನ್ನೂ ಪೀಠೋಪಕರಣಗಳನ್ನೂ ಅವರಿಗೇ ಹಿಂದಿರುಗಿಸಿದರು. ಆರೋಗ್ಯಕ್ಕಾಗಿ ಮಾಲ್ಟಾ, ನೇಪಲ್ಸ್, ರೋಮ್ ಸುತ್ತಿ ಬಂದ ಸ್ಕಾಟರು 1832ರ ಸೆಪ್ಟೆಂಬರ್ 21ರಂದು ಆಬಟ್ಸ್‌ಫರ್ಡಿನಲ್ಲಿ ಕಣ್ಣು ಮುಚ್ಚಿದರು. ಸಾಲ ಪೂರ್ತಿ ತೀರಿರಲಿಲ್ಲ. ಸುಮಾರು 22,000 ಪೌಂಡ್ ಜೀವವಿಮೆಯ ಹಣ ಬಂತು. ಪ್ರಕಾಶಕ ಕ್ಯಾಡೆಲ್ ಮುಂಗಡ ಕೊಟ್ಟು ಉಳಿದವರ ಲೆಕ್ಕ ಮುಗಿಸಿದರು. ಆ ಮುಂಗಡವೂ 1847ರಲ್ಲಿ ಗ್ರಂಥಗಳ ಹಕ್ಕಿನಿಂದ ಸಂದಾಯವಾಯಿತು.

ಹೀಗೆ ಉಳಿದ ಮನೆ ಮೊಮ್ಮಗಳು ಶಾರ್ಲಟ್ ಅವರಿಗೆ ಬಂತು. ಆಕೆಯೂ ಪತಿ ಜೇಮ್ಸ್ ಹೋಪ್ ಅವರೂ ಕಥೋಲಿಕ ಧರ್ಮಸಭೆಯನ್ನು ಸೇರಿ, ಅಲ್ಲಿ ಪುಟ್ಟ ಪ್ರಾರ್ಥನಾಲಯ ಕಟ್ಟಿಸಿದರು. ಸಂತ ಜಾನ್ ಹೆನ್ರಿ ನ್ಯೂಮನ್‌ರು ಆ ಮನೆಯಲ್ಲಿ ಅತಿಥಿಯಾಗಿದ್ದರು.

ಪ್ರಿಯ ವಾಚಕರೇ, ಇದನ್ನು ಓದಿ ದಿವಾಳಿಯಾಗುವುದೇ ಪಾಪವೆಂದು ಯಾರೂ ತಿಳಿಯಬಾರದು. ಏಳನೆಯ ವರ್ಷದಲ್ಲಿ ಸಾಲ ಮನ್ನಾ ಮಾಡಬೇಕೆಂದು ಹಳೆಯ ಒಡಂಬಡಿಕೆಯೇ ವಿಧಿಸಿತ್ತು. ಕೈಲಾಗದವನನ್ನು ಬಿಡುಗಡೆ ಮಾಡುವ ಕಾನೂನಿನಲ್ಲಿ ಆ ಕರುಣೆಯ ನೆರಳಿದೆ. ಸ್ಕಾಟರಿಗೆ ಲೇಖನಿಯಿತ್ತು, ಸಂಬಳವಿತ್ತು; ಎಲ್ಲರಿಗೂ ಅವು ಇರುವುದಿಲ್ಲ. ಆದಾಯ ಮಚ್ಚಿಟ್ಟು ದಿವಾಳಿಯೆನ್ನುವುದು ವಂಚನೆ. ಎಲ್ಲವನ್ನೂ ತೆರೆದು ತೋರಿಸಿ ಕೈಲಾಗದೆನ್ನುವುದು ವಂಚನೆಯಲ್ಲ. ಸಂತ ಥಾಮಸ್ ಅಕ್ವಿನಾಸರ ಬೋಧನೆಯೂ ಇದೇ: ಕೂಡಲೇ ಹಿಂದಿರುಗಿಸಲಾಗದವನು, ಕೊಡಬೇಕಾದವರ ಬಳಿಗೆ ಹೋಗಿ ಮನ್ನಾವನ್ನೋ ಗಡುವನ್ನೋ ಬೇಡಿಕೊಳ್ಳಬೇಕು. ಮುಖ ಮರೆಸಿಕೊಳ್ಳುವುದಾಗಲಿ, ನಿರಾಶೆಯಿಂದ ಪ್ರಾಣ ಕಳೆದುಕೊಳ್ಳುವುದಾಗಲಿ ದಾರಿಯಲ್ಲ.

ಸಾಲ ಕೊಟ್ಟವರಿಗೂ ಇಲ್ಲಿ ಪಾಠವಿದೆ. ಸಂತ ಮತ್ತಾಯನ ಶುಭಸಂದೇಶದ ಸಾಮತಿಯಲ್ಲಿ ಸೇವಕನು ಅರಸನ ಬಳಿ ಕೇಳಿದ್ದು ಬರೀ ಕಾಲಾವಕಾಶ. ಅರಸನು ಇಡೀ ಸಾಲವನ್ನೇ ಮನ್ನಿಸಿದ. ಅದೇ ಸೇವಕ ತನ್ನ ಜೊತೆಗಾರನಿಗೆ ಕಾಲಾವಕಾಶವನ್ನೂ ಕೊಡಲಿಲ್ಲ. ದೇವರ ಮುಂದೆ ನಾವೆಲ್ಲರೂ ತೀರಿಸಲಾಗದ ಸಾಲಗಾರರೇ. ನಮ್ಮಿಂದ ಸಾಲ ಪಡೆದವನು ತಲೆತಗ್ಗಿಸಿ ಬಾಗಿಲಿಗೆ ಬಂದು ಇನ್ನಷ್ಟು ಸಮಯ ಕೇಳಿದರೆ, ಅದನ್ನಾದರೂ ಕೊಡೋಣ.