ಗಂಧದ ಕೊರಡು ಮತ್ತು ದಿವಾನರು

ಸರ್ ಎಂ. ವಿಶ್ವೇಶ್ವರಯ್ಯನವರೆಂದರೆ ನಮ್ಮ ಊರಿನವರಿಗೆಲ್ಲ ಕನ್ನಂಬಾಡಿ ಕಟ್ಟೆ. ಬಿ.ಇ. ಓದಿದ ನನಗೆ ಮಾತ್ರ ಅವರ ಗಂಧದ ಎಣ್ಣೆಯ ಕೆಲಸವೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಮುಂಬಯಿ ಸರ್ಕಾರದ ನೌಕರಿಯಲ್ಲಿದ್ದಾಗಲೇ 1898ರಲ್ಲಿ ಜಪಾನ್ ನೋಡಿ ಬಂದವರು ಅವರು. 1912ರಲ್ಲಿ ಮೈಸೂರಿನ ದಿವಾನರಾದರು. ಆಗ ನಮ್ಮ ಕಾಡಿನ ಗಂಧ ಕೊರಡಾಗಿಯೇ ಹಡಗು ಹತ್ತುತ್ತಿತ್ತು. ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮರ ನಮ್ಮದು, ಹೆಚ್ಚಿನ ಲಾಭ ಅವರದು. (ಹೊರದೇಶದ ಕಂಪನಿಗಳಿಗೆ ಪ್ರೋಗ್ರಾಂ ಬರೆದುಕೊಡುವ ನನ್ನಂಥವರು ಇಂದಿಗೂ ಕಳಿಸುತ್ತಿರುವುದು ಕೊರಡನ್ನೋ ಎಣ್ಣೆಯನ್ನೋ ಎಂದು ಒಮ್ಮೊಮ್ಮೆ ಅನಿಸುವುದುಂಟು.)

1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಕೊರಡು ಕೊಳ್ಳುವವರಿಲ್ಲದೆ ಸಂಸ್ಥಾನದ ಆದಾಯಕ್ಕೇ ಪೆಟ್ಟು ಬಿತ್ತು. ದಿವಾನರು ಮಹಾರಾಜರ ಬೆಂಬಲದಿಂದ, ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳ ನೆರವು ಪಡೆದು, 1916ರಲ್ಲಿ ಬೆಂಗಳೂರಿನಲ್ಲೇ ಎಣ್ಣೆ ಇಳಿಸುವ ಕಾರ್ಖಾನೆ ತೆರೆಸಿದರು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಸೋಪು ಮಾಡುವ ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋದರು. ಹೊರದೇಶದ ವ್ಯಾಪಾರ ನಿಲ್ಲಲಿಲ್ಲ, ಸರಕು ಬದಲಾಯಿತು: ಕೊರಡಿದ್ದ ಜಾಗದಲ್ಲಿ ಎಣ್ಣೆ ಹಡಗು ಹತ್ತಿತು. ಕೂಲಿಯೂ ಲಾಭವೂ ಇಲ್ಲೇ ಉಳಿದವು.

ದಿವಾನಗಿರಿ ಬಿಟ್ಟ ಮೇಲೂ ಅವರು ದೇಶದೇಶ ಸುತ್ತಿ ಕಾರ್ಖಾನೆಗಳನ್ನು ನೋಡಿದರು. 1962ರಲ್ಲಿ ತೀರಿಕೊಂಡರು. ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ಸರ್ಕಾರದ ಕಾರ್ಖಾನೆಯಲ್ಲೇ ತಯಾರಾಗಿ ಹೊರದೇಶಗಳಿಗೂ ಹೋಗುತ್ತಿದೆ.