ಮಕ್ಕಳ ಗಂಟಲು ಕಾಯ್ದ ವೈದ್ಯ ಡಾ. ಶೆವಲಿಯರ್ ಜಾಕ್ಸನ್



ನಿಮ್ಮ ಮನೆಯ ತೂಕದ ಯಂತ್ರವನ್ನೋ, ಜಾತ್ರೆಯಲ್ಲಿ ತಂದ ಮಿಣುಕುವ ಆಟಿಕೆಯನ್ನೋ ಬಿಚ್ಚಿ ನೋಡಿ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹೊಳೆಯುವ ಸೆಲ್ ಸಿಗುತ್ತದೆ. ಅದರ ಮೇಲೆ 2032 ಎಂದಿದ್ದರೆ ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್ ಎಂದು ಅರ್ಥ. ಮಕ್ಕಳು ನುಂಗದಂತೆ ಪೊಟ್ಟಣ ಕಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಅಮೆರಿಕದಲ್ಲಿ ಇಂಥ ಸೆಲ್‌ಗಳನ್ನು ಅಂಗಡಿಗಳಿಂದ ಹಿಂದಕ್ಕೆ ಕರೆಸಿಕೊಂಡಿದ್ದಾರೆ. ಇಷ್ಟು ಸಣ್ಣ ವಸ್ತುವಿಗೆ ಅಷ್ಟು ದೊಡ್ಡ ಗದ್ದಲವೇಕೆ ಎಂದು ನಿಮಗನ್ನಿಸಬಹುದು. ಅದು ತಿಳಿಯಬೇಕಾದರೆ ಈ ಸೆಲ್ಲನ್ನು ಕಣ್ಣಿನಿಂದಲೂ ಕಾಣದ ಒಬ್ಬ ವೈದ್ಯರ ಬಾಳನ್ನು ತಿಳಿಯಬೇಕು.

ಶೆವಲಿಯರ್ ಜಾಕ್ಸನ್ 1865ರ ನವೆಂಬರ್ 4ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜನಿಸಿದರು. ಕಲ್ಲಿದ್ದಲು ಗಣಿಗಳ ಸೀಮೆ ಅದು. ಸಣ್ಣ ಮೈಕಟ್ಟಿನ, ಮೆತ್ತನೆಯ ಸ್ವಭಾವದ ಈ ಹುಡುಗನನ್ನು ಶಾಲೆಯ ಪುಂಡರು ಸುಮ್ಮನೆ ಬಿಡುತ್ತಿರಲಿಲ್ಲ. ಒಮ್ಮೆ ಪಾಳು ಗಣಿಯೊಳಗೆ ಕೂಡಿಹಾಕಿ ಹೋಗಿಬಿಟ್ಟರು. ಎಚ್ಚರ ತಪ್ಪಿ ಬಿದ್ದಿದ್ದ ಅವನನ್ನು ಒಬ್ಬ ಗಣಿ ಕಾರ್ಮಿಕ ಕಂಡು ಉಳಿಸಿದ. ಕತ್ತಲೆಯ ಕಿರಿದಾದ ಸುರಂಗದಲ್ಲಿ ಉಸಿರುಗಟ್ಟುವುದೆಂದರೇನೆಂದು ಆ ಹುಡುಗನಿಗೆ ಆಗಲೇ ಗೊತ್ತಾಗಿತ್ತು ಎನ್ನಬೇಕು.

ಮನೆಯಲ್ಲಿ ಬಡತನ. ಗಾಜು, ಪಿಂಗಾಣಿಗಳ ಮೇಲೆ ಚಿತ್ರ ಬರೆದು ಓದಿನ ಖರ್ಚು ಹೊಂದಿಸಿಕೊಂಡು 1886ರಲ್ಲಿ ಫಿಲಡೆಲ್ಫಿಯಾದ ಜೆಫರ್ಸನ್ ಮೆಡಿಕಲ್ ಕಾಲೇಜಿನಿಂದ ವೈದ್ಯ ಪದವಿ ಪಡೆದರು. ಮರಗೆಲಸದಲ್ಲೂ ಅವರ ಕೈ ಪಳಗಿತ್ತು. ಮುಂದೆ ತಮಗೆ ಬೇಕಾದ ಉಪಕರಣಗಳನ್ನು ತಾವೇ ರೂಪಿಸಿಕೊಳ್ಳಲು ಈ ಕೈಕಸುಬೇ ನೆರವಾಯಿತು. ಓದುವ ಹುಡುಗನಿಗೆ ಉಳಿ, ಸುತ್ತಿಗೆ ಏಕೆಂದು ಕೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ!

1890ರಲ್ಲಿ ಅವರು ಅನ್ನನಾಳದೊಳಗೆ ಇಳಿಸಿ ನೋಡುವ ಕೊಳವೆಯೊಂದನ್ನು ಸಿದ್ಧಪಡಿಸಿ, ಅದರ ಸಹಾಯದಿಂದ ಒಂದು ಮಗುವಿನ ಗಂಟಲಲ್ಲಿ ಸಿಕ್ಕಿದ್ದ ನಾಣ್ಯವನ್ನು ತೆಗೆದರು. ಆದರೆ ತರಬೇತಿಯಿಲ್ಲದ ಇತರ ವೈದ್ಯರು ಅದನ್ನೇ ಬಳಸಲು ಹೋಗಿ ರೋಗಿಗಳಿಗೆ ಅಪಾಯವಾಯಿತು. ಉಪಕರಣ ಕೊಟ್ಟರೆ ಸಾಲದು, ಕೈಗೆ ಪಾಠವೂ ಬೇಕೆಂದು ಅವರು ಮನಗಂಡರು. ಕೊಳವೆಯ ತುದಿಯಲ್ಲಿ ಪುಟ್ಟ ವಿದ್ಯುತ್ ದೀಪವಿರುವ ಉಪಕರಣ ರೂಪಿಸಿ, 1907ರಲ್ಲಿ ಪಠ್ಯಪುಸ್ತಕ ಬರೆದು, ವೈದ್ಯರಿಗೆ ಈ ವಿದ್ಯೆಯನ್ನು ಕಲಿಸಿದರು. ಎರಡೂ ಕೈಯಲ್ಲಿ ಬಣ್ಣದ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಗಂಟಲಿನ ಚಿತ್ರ ಬರೆಯುತ್ತ ಪಾಠ ಹೇಳುತ್ತಿದ್ದರು. ಅವರ ಬಳಿ ಬಂದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಬದುಕುಳಿದರು. ನಡುವೆ ಕ್ಷಯರೋಗ ಅವರನ್ನೇ ಹಲವು ಸಲ ಹಾಸಿಗೆ ಹಿಡಿಸಿತು. ಮಲಗಿದಲ್ಲೇ ಬರೆಯುತ್ತಿದ್ದರು.

ಅವರನ್ನು ಹೆಚ್ಚು ಕಾಡಿದ್ದು ಪಿನ್ನು, ಗುಂಡಿಗಳಲ್ಲ, ಕಾಸ್ಟಿಕ್ ಸೋಡಾ. ಮನೆ ತೊಳೆಯಲು, ಸಾಬೂನು ಮಾಡಲು ಅಲ್ಲಿ ಮನೆಮನೆಯಲ್ಲೂ ಈ ಕ್ಷಾರ ಇರುತ್ತಿತ್ತು. ಸಕ್ಕರೆಯೆಂದು ತಿಳಿದು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅನ್ನನಾಳ ಸುಟ್ಟು, ಮಾಯುವಾಗ ಕುಗ್ಗಿ ಮುಚ್ಚಿಹೋಗುತ್ತಿತ್ತು. ಒಮ್ಮೆ ಏಳು ವರ್ಷದ ಬಡ ಹುಡುಗಿಯೊಬ್ಬಳು ಬಂದಳು. ಹನಿ ನೀರೂ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜಾಕ್ಸನ್ ಕೊಳವೆ ಇಳಿಸಿ, ಕಟ್ಟಿಕೊಂಡಿದ್ದ ಬೂದು ಬಣ್ಣದ ಗಟ್ಟಿಯನ್ನು ಹೊರತೆಗೆದರು. ನರ್ಸ್ ಕೊಟ್ಟ ನೀರನ್ನು ಹುಡುಗಿ ಅಂಜುತ್ತ ಗುಟುಕರಿಸಿದಳು. ನೀರು ಒಳಗಿಳಿಯಿತು. ಮತ್ತೊಂದು ಗುಟುಕೂ ಇಳಿಯಿತು. ಲೋಟವನ್ನು ಮೆಲ್ಲನೆ ಸರಿಸಿ, ಅವಳು ವೈದ್ಯರ ಕೈಗೆ ಮುತ್ತಿಟ್ಟಳು.

ಒಂದು ಮಗುವನ್ನು ಉಳಿಸಿ ಕೈ ತೊಳೆದುಕೊಂಡಿದ್ದರೆ ಅವರು ಒಳ್ಳೆಯ ವೈದ್ಯರೆನಿಸುತ್ತಿದ್ದರು, ಅಷ್ಟೇ. ಅವರು ಕಾನೂನಿನ ಬೆನ್ನು ಹತ್ತಿದರು. ಡಬ್ಬಿಯ ಮೇಲೆ ವಿಷವೆಂದು ಬರೆಯಲೇಬೇಕೆಂದು ವರ್ಷಗಟ್ಟಲೆ ಶಾಸಕರನ್ನು ಒತ್ತಾಯಿಸಿದರು. ಕೊನೆಗೆ 1927ರ ಮಾರ್ಚ್ 4ರಂದು ಅಧ್ಯಕ್ಷ ಕೂಲಿಜ್ ಅವರ ಸಹಿಯೊಂದಿಗೆ ಅಮೆರಿಕದ ಕ್ಷಾರ ವಿಷ ಕಾಯ್ದೆ ಜಾರಿಗೆ ಬಂದಿತು. ತಾಯಿತಂದೆಯರನ್ನು ಬೈಯುವುದು ಸುಲಭವಿತ್ತು. ಅವರು ಮಾರುವವರನ್ನು ಹಿಡಿದರು.

ಈಗ ಸೆಲ್ಲಿನ ಮಾತಿಗೆ ಬರೋಣ. ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಜೊಲ್ಲು, ಒದ್ದೆ ಚರ್ಮಗಳ ಮೂಲಕ ವಿದ್ಯುತ್ ಹರಿಯುತ್ತದೆ. ಅದರ ಋಣ ಧ್ರುವದ ಕಡೆ ಕ್ಷಾರ ಹುಟ್ಟುತ್ತದೆ. ಅಂದರೆ ಜಾಕ್ಸನ್ ಕಂಡ ಅದೇ ಸುಡುವಿಕೆ! ಎರಡು ತಾಸಿನೊಳಗೇ ಆಳವಾದ ಗಾಯವಾಗಬಲ್ಲದು. ಸೆಲ್ ಒಡೆಯಬೇಕಿಲ್ಲ, ಸೋರಬೇಕಿಲ್ಲ. ಕೆಲಸಕ್ಕೆ ಬಾರದೆಂದು ನಾವು ಮೇಜಿನ ಖಾನೆಯಲ್ಲಿ ಎಸೆದ ಹಳೆಯ ಸೆಲ್ಲಿನಲ್ಲೂ ಇಷ್ಟು ಮಾಡುವಷ್ಟು ವಿದ್ಯುತ್ ಉಳಿದಿರುತ್ತದೆ. ಇದನ್ನು ಬರೆಯುವಾಗ ಎದ್ದು ಹೋಗಿ ನೋಡಿದೆ, ನಮ್ಮ ಮನೆಯ ಖಾನೆಯಲ್ಲೇ ಮೂರು ಸಿಕ್ಕವು.

ರೀಸ್ ಎಂಬ ಒಂದೂವರೆ ವರ್ಷದ ಕೂಸು ಹೀಗೆ 2020ರಲ್ಲಿ ತೀರಿಕೊಂಡ ಮೇಲೆ ಅವಳ ಹೆಸರಿನ ಕಾಯ್ದೆ ಅಮೆರಿಕದಲ್ಲಿ 2022ರ ಆಗಸ್ಟ್ 16ರಂದು ಬಂದಿತು. ಎಚ್ಚರಿಕೆಯ ಬರಹ, ಮಕ್ಕಳು ಹರಿಯಲಾಗದ ಪೊಟ್ಟಣ, ಸುಲಭವಾಗಿ ತೆರೆಯಲಾಗದ ಮುಚ್ಚಳ ಕಡ್ಡಾಯವಾದವು. ತಪ್ಪಿದ ಮಾಲನ್ನು ಹಿಂದಕ್ಕೆ ಕರೆಸುವುದು ಈ ಕಾಯ್ದೆಯ ಬಲದಿಂದಲೇ. ನಮ್ಮ ದೇಶದಲ್ಲೂ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಆದರೆ ಸಂತೆಯ ಬುಟ್ಟಿಯಲ್ಲಿ ಆ ಗುರುತನ್ನು ಹುಡುಕುವವರು ಯಾರು?

ತಂಗಡಗಿಯಿಂದ ವಿಜಯಪುರಕ್ಕೋ ಬಾಗಲಕೋಟೆಗೋ ಹೊರಟರೆ ಆ ಎರಡು ತಾಸಿನ ಬಹುಪಾಲು ದಾರಿಯಲ್ಲೇ ಕಳೆಯುತ್ತದೆ. ಆದ್ದರಿಂದ ಇದನ್ನು ಮನೆಯವರಿಗೆ ಓದಿ ಹೇಳಿ. ಮಗು ಸೆಲ್ ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ಕೂಡಲೇ ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಿ. ವರ್ಷ ದಾಟಿದ, ನುಂಗಬಲ್ಲ ಮಗುವಾದರೆ, ನುಂಗಿ 12 ತಾಸು ಮೀರಿಲ್ಲದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಹಾ ಚಮಚ ಜೇನು ಕೊಡಬಹುದು. ಆರು ಸಲಕ್ಕಿಂತ ಹೆಚ್ಚು ಬೇಡ. ವರ್ಷದೊಳಗಿನ ಕೂಸಿಗೆ ಜೇನು ಕೂಡದು. ಜೇನು ಹುಡುಕುತ್ತ ಹೊತ್ತು ಕಳೆಯಲೂ ಕೂಡದು. ಎಕ್ಸ್‌ರೇಯಲ್ಲಿ ನಾಣ್ಯ ಒಂಟಿ ಅಂಚಿನ ಬಿಲ್ಲೆಯಂತೆ ಕಂಡರೆ, ಸೆಲ್ ಅಂಚಿನೊಳಗೆ ಇನ್ನೊಂದು ಅಂಚಿರುವಂತೆ ಕಾಣುತ್ತದೆ.

ಜಾಕ್ಸನ್ 1958ರ ಆಗಸ್ಟ್ 16ರಂದು, ತಮ್ಮ 92ನೆಯ ವಯಸ್ಸಿನಲ್ಲಿ ನಿಧನರಾದರು. ಜನರ ಗಂಟಲು, ಎದೆಗಳಿಂದ ತೆಗೆದ ವಸ್ತುಗಳನ್ನು ಅವರು ಯಾರಿಗೂ ಹಿಂದಿರುಗಿಸುತ್ತಿರಲಿಲ್ಲ. ಒಂದೊಂದರ ವಿವರವನ್ನೂ ಬರೆದಿಟ್ಟು, ಕಲಿಯುವವರಿಗೆಂದು ಕಾಪಾಡಿದರು. ಸೇಫ್ಟಿ ಪಿನ್ನು, ಗುಂಡಿ, ನಾಣ್ಯ, ಎಲುಬಿನ ಚೂರು, ಶಾಲೆಗೆ ತಪ್ಪದೆ ಬಂದ ಮಗುವಿಗೆ ಕೊಟ್ಟ ಬಿಲ್ಲೆ ಸಹ ಅದರಲ್ಲಿದೆ. ಒಟ್ಟು 2,374 ವಸ್ತುಗಳು ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದ ಖಾನೆಗಳಲ್ಲಿವೆ.