ಕಣ್ಣಿನ ಲೇಸರ್ ಆಪರೇಷನ್ ಹುಟ್ಟಿದ್ದು ಒಡೆದ ಕನ್ನಡಕದಿಂದಲಾ? ಡಾ. ಫ್ಯೋದೊರೊವ್ ಅವರ ಅಸಲಿ ಕಥೆ

ಕನ್ನಡಕ ಹಾಕುವವರು ಇರುವ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಸುತ್ತುತ್ತಿರುತ್ತವೆ. ಒಂದು ಪವಾಡದ್ದು. ರಷ್ಯಾದಲ್ಲಿ ಒಬ್ಬ ಹುಡುಗ ಬಿದ್ದ, ಕನ್ನಡಕ ಒಡೆದು ಗಾಜಿನ ಚೂರು ಕಣ್ಣಿಗೆ ಹೊಕ್ಕಿತು, ಡಾಕ್ಟರ್ ಚೂರು ತೆಗೆದ ಮೇಲೆ ನೋಡಿದರೆ ಅವನಿಗೆ ಕನ್ನಡಕವೇ ಬೇಕಿರಲಿಲ್ಲ, ಲೇಸರ್ ಆಪರೇಷನ್ ಹುಟ್ಟಿದ್ದೇ ಹೀಗೆ ಎನ್ನುತ್ತದೆ ಅದು. ಇನ್ನೊಂದು ಭಯದ್ದು. ಆಪರೇಷನ್ ಮಾಡಿಸಿಕೊಂಡರೆ ಹತ್ತು ವರ್ಷದಲ್ಲಿ ನಂಬರ್ ತಿರುಗಿ ಬರುತ್ತದೆ, ಎತ್ತರದ ಬೆಟ್ಟ ಹತ್ತಿದರೆ ಕಣ್ಣೇ ಕಾಣುವುದಿಲ್ಲ ಎಂದು ಹೆದರಿಸುತ್ತದೆ.

ಇವೆರಡೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಜಾಡು ಹಿಡಿದು ಹೋದರೆ ಎರಡೂ ಒಬ್ಬರೇ ವ್ಯಕ್ತಿಯ ಬಳಿಗೆ ತಲುಪುತ್ತವೆ: ಸೋವಿಯತ್ ಒಕ್ಕೂಟದ ಕಣ್ಣಿನ ಸರ್ಜನ್ ಸ್ವ್ಯಾತೊಸ್ಲಾವ್ ಫ್ಯೋದೊರೊವ್. ನಮ್ಮ ತಂಡದಲ್ಲೇ ಒಬ್ಬರು ಮೈನಸ್ 5ರ ಕನ್ನಡಕ ಹಾಕಿಕೊಂಡು, ಲೇಸರ್ ಮಾಡಿಸಲೋ ಬೇಡವೋ ಎಂದು ಎರಡು ವರ್ಷದಿಂದ ತೂಗುತ್ತಿದ್ದಾರೆ. ಅವರಿಗಾಗಿಯೂ ಸೇರಿಸಿ, ಈ ಕಥೆಯನ್ನು ಮೊದಲಿಂದ ಹೇಳುತ್ತೇವೆ.

ಫ್ಯೋದೊರೊವ್ ಹುಟ್ಟಿದ್ದು 1927ರ ಆಗಸ್ಟ್ 8ರಂದು, ಇಂದು ಉಕ್ರೇನ್‌ನಲ್ಲಿರುವ ಪ್ರೊಸ್ಕುರೊವ್ ಎಂಬ ಊರಿನಲ್ಲಿ. ಆ ಊರಿಗೆ ಈಗ ಖ್ಮೆಲ್ನಿತ್ಸ್‌ಕಿ ಎಂಬ ಹೆಸರು. ತಂದೆ ಸೋವಿಯತ್ ಸೇನೆಯ ದೊಡ್ಡ ಅಧಿಕಾರಿ. ಸ್ಟಾಲಿನ್ ಕಾಲದ ಬಂಧನಗಳ ಸರಣಿಯಲ್ಲಿ 1938ರಲ್ಲಿ ಅವರನ್ನೂ ಹಿಡಿದು ಶಿಬಿರಕ್ಕೆ ಕಳಿಸಿದರು. ಹನ್ನೊಂದು ವರ್ಷದ ಹುಡುಗನಿಗೆ ಜನಶತ್ರುವಿನ ಮಗ ಎಂಬ ಹಣೆಪಟ್ಟಿ ಬಿತ್ತು. ಆದರೂ ಅವನಿಗೆ ಪೈಲಟ್ ಆಗುವ ಹುಚ್ಚು. ಯುದ್ಧದ ನಡುವೆಯೇ ವಾಯುಪಡೆಯ ತಯಾರಿ ಶಾಲೆ ಸೇರಿದ. 1945ರಲ್ಲಿ ಓಡಿಹೋಗಿ ಟ್ರಾಮ್ ಹತ್ತಲು ಹೋದಾಗ ಕಾಲು ಚಕ್ರಕ್ಕೆ ಸಿಕ್ಕಿ ಒಂದು ಪಾದ ಹೋಯಿತು. ವಿಮಾನದ ಕನಸು ಅಲ್ಲಿಗೆ ಮುಗಿಯಿತು. ರಸ್ತೊವ್ ನಗರದ ಮೆಡಿಕಲ್ ಕಾಲೇಜು ಸೇರಿ 1952ರಲ್ಲಿ ಡಾಕ್ಟರ್ ಆದರು. ಈಜು, ಕುದುರೆ ಸವಾರಿ ಯಾವುದನ್ನೂ ಬಿಡಲಿಲ್ಲ.

ಅವರು ಮೊದಲು ಜಗಳಕ್ಕೆ ಬಿದ್ದದ್ದು ಕನ್ನಡಕದ ವಿಷಯಕ್ಕಲ್ಲ, ಕಣ್ಣಿನ ಪೊರೆಯ ವಿಷಯಕ್ಕೆ. ಆ ಕಾಲದಲ್ಲಿ ಪೊರೆ ತೆಗೆದರೆ ಕಣ್ಣೊಳಗಿನ ಮಸೂರವೂ ಹೋಗುತ್ತಿತ್ತು, ಮುಂದಿನ ಬದುಕೆಲ್ಲ ಬಾಟಲಿ ತಳದಂಥ ದಪ್ಪ ಕನ್ನಡಕ. ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರ್ 1949ರಲ್ಲಿ ಮೊದಲ ಬಾರಿಗೆ ಕಣ್ಣೊಳಗೆ ಪ್ಲಾಸ್ಟಿಕ್ ಮಸೂರ ಇಟ್ಟಿದ್ದರು. ಅದನ್ನೇ ಫ್ಯೋದೊರೊವ್ 1960ರಲ್ಲಿ ಚೆಬೊಕ್ಸರಿ ಎಂಬ ದೂರದ ಊರಿನಲ್ಲಿ ಮಾಡಿ ತೋರಿಸಿದರು, ಅದೂ ಒಬ್ಬ ಪುಟ್ಟ ಹುಡುಗಿಗೆ. ಸೋವಿಯತ್ ದೇಶದಲ್ಲಿ ಅದೇ ಮೊದಲು. ಬಹುಮಾನ ಬರುವ ಬದಲು ಕೆಲಸ ಹೋಯಿತು. ಇದು ವಿಜ್ಞಾನವೇ ಅಲ್ಲ ಎಂದು ಮೇಲಿನವರು ಷರಾ ಬರೆದರು. ಇಜ್ವೆಸ್ತಿಯಾ ಪತ್ರಿಕೆಯ ಅನತೋಲಿ ಅಗ್ರನೊವ್‌ಸ್ಕಿ ಅವರ ಪರವಾಗಿ ಬರೆದದ್ದು ದೊಡ್ಡ ನೆರವಾಯಿತು. ಉತ್ತರದ ಅರ್ಖಾಂಗೆಲ್ಸ್ಕ್‌ನಲ್ಲಿ ಕೆಲವು ವರ್ಷ ಕಳೆದು 1967ರಲ್ಲಿ ಮಾಸ್ಕೋಗೆ ಬಂದರು.

ಫಾರ್ವರ್ಡ್‌ನ ಕಥೆ ನಡೆಯುವುದು ಮಾಸ್ಕೋದಲ್ಲೇ, 1970ರ ದಶಕದಲ್ಲಿ.

ಮೊದಲು ಕಣ್ಣಿನ ಲೆಕ್ಕ ಸ್ವಲ್ಪ ನೋಡೋಣ. ಕಣ್ಣಿನ ಮುಂಭಾಗದಲ್ಲಿ ವಾಚಿನ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದ್ದೇ. ಮೈನಸ್ ನಂಬರ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಸ್ವಲ್ಪ ಉದ್ದ, ಹಾಗಾಗಿ ಚಿತ್ರ ರೆಟಿನಾದ ಮೇಲೆ ಬೀಳದೆ ಅದಕ್ಕೂ ಮುಂಚೆಯೇ ಮೂಡುತ್ತದೆ. ಕಾರ್ನಿಯಾದ ನಡುಭಾಗವನ್ನು ಕೊಂಚ ಚಪ್ಪಟೆ ಮಾಡಿದರೆ ಚಿತ್ರ ಹಿಂದೆ ಸರಿದು ಸರಿಯಾದ ಜಾಗಕ್ಕೆ ಬರುತ್ತದೆ. ಫ್ಯೋದೊರೊವ್ ಮಾಡಿದ್ದು ಇಷ್ಟೇ. ನಡುವಿನ ನೋಡುವ ಜಾಗವನ್ನು ಮುಟ್ಟದೆ, ಅದರ ಸುತ್ತ ಸೈಕಲ್ ಚಕ್ರದ ಕಡ್ಡಿಗಳಂತೆ ವಜ್ರದ ಬ್ಲೇಡಿನಿಂದ ಆಳವಾದ ಗೀರುಗಳನ್ನು ಹಾಕಿದರು. ಅಂಚು ಸಡಿಲಗೊಂಡು ಉಬ್ಬಿತು, ನಡು ಚಪ್ಪಟೆಯಾಯಿತು. ಇದರ ಹೆಸರು ರೇಡಿಯಲ್ ಕೆರಟಾಟಮಿ, ಚಿಕ್ಕದಾಗಿ ಆರ್‌ಕೆ. ಗಮನಿಸಿ, ಇದರಲ್ಲಿ ಲೇಸರ್ ಎಲ್ಲೂ ಇಲ್ಲ.

ಹಾಗಾದರೆ ಒಡೆದ ಕನ್ನಡಕದ ಹುಡುಗ? ಈ ಕಥೆ ನಾನಾ ರೂಪದಲ್ಲಿದೆ. ಒಂದರಲ್ಲಿ ಹುಡುಗ ಸೈಕಲ್‌ನಿಂದ ಬೀಳುತ್ತಾನೆ, ಇನ್ನೊಂದರಲ್ಲಿ ಯಾರೋ ಮುಖಕ್ಕೆ ಗುದ್ದುತ್ತಾರೆ. ಅಂಥ ಹುಡುಗ ಬಂದಿದ್ದ ಎಂದೇ ಇಟ್ಟುಕೊಳ್ಳೋಣ. ಆದರೂ ಕಾರ್ನಿಯಾಗೆ ಗೀರು ಹಾಕಿದರೆ ನಂಬರ್ ಬದಲಾಗುತ್ತದೆ ಎಂಬುದು ಅಂದು ತಿಳಿದ ಹೊಸ ವಿಷಯವಲ್ಲ. ಹಾಲೆಂಡಿನ ಲಾನ್ಸ್ ಎಂಬ ಡಾಕ್ಟರ್ 1898ರಲ್ಲೇ ಮೊಲಗಳ ಕಣ್ಣಿನ ಮೇಲೆ ಪ್ರಯೋಗ ಮಾಡಿ ಬರೆದಿದ್ದರು. ಜಪಾನಿನ ತ್ಸುತೊಮು ಸಾಟೊ 1930ರ ದಶಕದ ಕೊನೆಯಿಂದಲೇ ಮನುಷ್ಯರಿಗೆ ಇಂಥ ಆಪರೇಷನ್ ಮಾಡುತ್ತಿದ್ದರು. ಫ್ಯೋದೊರೊವ್‌ಗೆ ಸಾಟೊ ಕೆಲಸ ಗೊತ್ತಿತ್ತು. ಪವಾಡದ ಫಾರ್ವರ್ಡ್ ಸಾಟೊ ಅವರನ್ನು ಪೂರ್ತಿ ಮರೆತಿದೆ. ನಮಗೆ ಅದೇ ಅದರ ದೊಡ್ಡ ಕುಂದು ಅನ್ನಿಸುತ್ತದೆ, ಏಕೆಂದರೆ ಲೇಸರ್ ಯೋಚನೆಯಲ್ಲಿರುವವರು ತಿಳಿಯಬೇಕಾದ ಭಾಗ ಇರುವುದೇ ಅಲ್ಲಿ.

ಸಾಟೊ ಗೀರು ಹಾಕಿದ್ದು ಕಾರ್ನಿಯಾದ ಹೊರಗಿನಿಂದ ಮಾತ್ರವಲ್ಲ, ಒಳಗಿನಿಂದಲೂ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳಿವೆ. ದೋಣಿಯೊಳಗೆ ಸೇರುವ ನೀರನ್ನು ಎತ್ತಿ ಹೊರಹಾಕುವವರಂತೆ ಅವು ಸದಾ ನೀರನ್ನು ಹೊರಗೆ ತಳ್ಳುತ್ತವೆ, ಕಾರ್ನಿಯಾ ತಿಳಿಯಾಗಿರುವುದು ಇದರಿಂದಲೇ. ಹಾಳಾದರೆ ಈ ಕೋಶಗಳು ಮತ್ತೆ ಬೆಳೆಯುವುದಿಲ್ಲ ಎನ್ನಬಹುದು. ಇದರ ಮಹತ್ವ ಆಗ ಯಾರಿಗೂ ತಿಳಿದಿರಲಿಲ್ಲ. ಆಪರೇಷನ್ ಆದವರು ವರ್ಷಗಟ್ಟಲೆ ಚೆನ್ನಾಗಿಯೇ ಇದ್ದರು. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಒಬ್ಬೊಬ್ಬರದೇ ಕಾರ್ನಿಯಾ ನೀರು ತುಂಬಿ ಊದಿಕೊಂಡು ಮಂಜಾಯಿತು. ಸಾಟೊ 1960ರಲ್ಲೇ ತೀರಿಕೊಂಡಿದ್ದರು. ಬಹುಪಾಲು ಹಾನಿ ಬೆಳಕಿಗೆ ಬಂದದ್ದು ಆಮೇಲೆ. ಫ್ಯೋದೊರೊವ್ ಮತ್ತು ಅವರ ಸಹೋದ್ಯೋಗಿ ದುರ್ನೆವ್ ಮಾಡಿದ ಮುಖ್ಯ ಬದಲಾವಣೆಯೆಂದರೆ ಒಳಮೈಯನ್ನು ಮುಟ್ಟದೆ ಹೊರಗಿನಿಂದ ಮಾತ್ರ ಗೀರು ಹಾಕಿದ್ದು. ಜೊತೆಗೆ, ಎಷ್ಟು ನಂಬರಿಗೆ ಎಷ್ಟು ಗೀರು ಎಂಬ ಲೆಕ್ಕವನ್ನೂ ಕಟ್ಟಿದರು.

ಅಲ್ಲಿಂದ ಮುಂದೆ ಅವರ ಓಟಕ್ಕೆ ತಡೆಯೇ ಇರಲಿಲ್ಲ. ಅಮೆರಿಕದ ಡಾಕ್ಟರ್‌ಗಳು ಮಾಸ್ಕೋಗೆ ಬಂದು ಕಲಿತರು, 1978ರಲ್ಲಿ ಆರ್‌ಕೆ ಅಮೆರಿಕಕ್ಕೆ ಹೋಯಿತು. 1986ರಲ್ಲಿ ಸರ್ಕಾರ ಅವರಿಗೆ ದೊಡ್ಡ ಸಂಸ್ಥೆಯನ್ನೇ ಕಟ್ಟಿಕೊಟ್ಟಿತು, ಹಲವು ನಗರಗಳಲ್ಲಿ ಶಾಖೆಗಳು ಎದ್ದವು. ರೋಗಿಗಳು ಸಾಲು ಹಾಸಿಗೆಗಳ ಮೇಲೆ ಮಲಗಿರುವ, ಹಾಸಿಗೆಗಳು ಒಬ್ಬ ಸರ್ಜನ್‌ನಿಂದ ಇನ್ನೊಬ್ಬರ ಕಡೆಗೆ ತಾವೇ ಸಾಗುವ ವಿಡಿಯೊ ನೀವೂ ನೋಡಿರಬಹುದು. ಅದು ಎಡಿಟ್ ಮಾಡಿದ್ದಲ್ಲ, ನಿಜ. ಕಾರ್ ಫ್ಯಾಕ್ಟರಿಯಂತೆ ಪ್ರತಿ ಸರ್ಜನ್‌ಗೆ ಒಂದೊಂದೇ ಹಂತದ ಕೆಲಸ. ನೋಡಲು ಗಾಬರಿ ಹುಟ್ಟಿಸುತ್ತದೆ, ಆದರೆ ಒಂದೇ ಕೆಲಸ ದಿನವಿಡೀ ಮಾಡುವವರ ಕೈ ಪಳಗುತ್ತದೆ ಎಂಬ ಅವರ ಲೆಕ್ಕಾಚಾರವನ್ನು ತಳ್ಳಿಹಾಕುವಂತಿಲ್ಲ. ಹಡಗೊಂದರಲ್ಲೂ ಆಪರೇಷನ್ ಥಿಯೇಟರ್ ಮಾಡಿ ಬೇರೆ ದೇಶಗಳ ಬಂದರುಗಳಿಗೆ ಕಳಿಸಿದರು. 1996ರಲ್ಲಿ ರಷ್ಯಾದ ಅಧ್ಯಕ್ಷ ಚುನಾವಣೆಗೂ ನಿಂತು ಶೇ 1ರಷ್ಟು ಮತವನ್ನೂ ಪಡೆಯದೆ ಸೋತರು.

ಭಯದ ಫಾರ್ವರ್ಡ್‌ನ ಬೇರು ಇರುವುದು ಈ ಆರ್‌ಕೆಯಲ್ಲಿ. ಅಮೆರಿಕದಲ್ಲಿ ಸರ್ಕಾರದ ಹಣದಿಂದ ನಡೆದ ಪರ್ಕ್ ಎಂಬ ಅಧ್ಯಯನ ಆರ್‌ಕೆ ಆದ ಕಣ್ಣುಗಳನ್ನು ಹತ್ತು ವರ್ಷ ಗಮನಿಸಿತು. 1994ರಲ್ಲಿ ಬಂದ ಫಲಿತಾಂಶದಂತೆ ಶೇ 85ರಷ್ಟು ಕಣ್ಣುಗಳು ಕನ್ನಡಕವಿಲ್ಲದೆ ಸಾಕಷ್ಟು ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ಶೇ 43ರಷ್ಟು ಕಣ್ಣುಗಳು ಪ್ಲಸ್ ಕಡೆಗೆ 1 ನಂಬರ್ ಅಥವಾ ಅದಕ್ಕೂ ಹೆಚ್ಚು ಜಾರಿದ್ದವು. ಅಂದರೆ ಹಳೆಯ ನಂಬರ್ ತಿರುಗಿ ಬರಲಿಲ್ಲ, ಎದುರು ದಿಕ್ಕಿನ ನಂಬರ್ ಬಂತು. ಆಳದ ಗೀರುಗಳು ಕಾರ್ನಿಯಾವನ್ನು ಸಡಿಲ ಮಾಡಿದ್ದವು, ಅದು ವರ್ಷವರ್ಷವೂ ಚಪ್ಪಟೆಯಾಗುತ್ತಲೇ ಹೋಯಿತು. ಬೆಟ್ಟದ ಮಾತೂ ನಿಜವೇ. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಏರುತ್ತಿದ್ದ ಅಮೆರಿಕದ ಬೆಕ್ ವೆದರ್ಸ್ ಅವರಿಗೆ ಆರ್‌ಕೆ ಆಗಿತ್ತು. ಆಮ್ಲಜನಕ ಕಡಿಮೆಯಾದಾಗ ಗೀರು ಬಿದ್ದ ಕಾರ್ನಿಯಾ ಊದಿ ಆಕಾರ ಕಳೆದುಕೊಂಡು ಕಣ್ಣು ಕಾಣದಾಯಿತು. ಬಿರುಗಾಳಿಯಲ್ಲಿ ಸಿಕ್ಕಿ, ಸತ್ತರೆಂದೇ ಬಿಟ್ಟುಬಂದ ಮೇಲೂ ಎದ್ದು ನಡೆದು ಬಂದರು. ಬಲಗೈ ಮತ್ತು ಮೂಗನ್ನು ಹಿಮ ತಿಂದಿತ್ತು.

ಇಂದು ನಮ್ಮ ಊರುಗಳಲ್ಲಿ ಮಾಡುವುದು ಆರ್‌ಕೆ ಅಲ್ಲ. ಎಕ್ಸೈಮರ್ ಎಂಬ ಲೇಸರ್ ಮೊದಲು ಬೆಳಗಿದ್ದು 1970ರಲ್ಲಿ, ಅದೂ ಮಾಸ್ಕೋದಲ್ಲೇ, ನೊಬೆಲ್ ಪಡೆದಿದ್ದ ನಿಕೊಲಾಯ್ ಬಾಸೊವ್ ಅವರ ತಂಡದಿಂದ. ಅದು ಜೀವಕೋಶಗಳನ್ನು ಸುಡದೆ ಪದರಪದರವಾಗಿ ತೆಗೆಯಬಲ್ಲದು ಎಂದು ಕಂಡುಕೊಂಡವರಲ್ಲಿ ಪ್ರಮುಖರು ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. 1981ರ ನವೆಂಬರ್‌ನಲ್ಲಿ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ನ್ಯೂಯಾರ್ಕ್ ಬಳಿಯ ಐಬಿಎಂ ಲ್ಯಾಬಿಗೆ ತಂದು ಅದರ ಮೇಲೆ ಲೇಸರ್ ಬಿಟ್ಟು ನೋಡಿದ್ದರು. ಗೀರು ನುಣುಪಾಗಿತ್ತು, ಸುಟ್ಟ ಗುರುತೇ ಇರಲಿಲ್ಲ. 1983ರಲ್ಲಿ ಕಣ್ಣಿನ ಡಾಕ್ಟರ್ ಸ್ಟೀಫನ್ ಟ್ರೋಕೆಲ್ ಅದನ್ನು ಕಾರ್ನಿಯಾಗೆ ತಂದರು. ಅಡಿಗೆಮನೆಯಿಂದ ಬಂದ ಈ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ಏಕೋ.

ಲೇಸರ್‌ನಲ್ಲಿ ಆಳದ ಗೀರುಗಳಿಲ್ಲ. ಲಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗಿನ ಭಾಗವನ್ನು ಲೇಸರ್‌ನಿಂದ ತೆಳುಮಾಡಿ, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. 1 ನಂಬರಿಗೆ ಸುಮಾರು 12 ಮೈಕ್ರಾನ್ ಹೋಗುತ್ತದೆ, ಅಂದರೆ ನಮ್ಮ ಮೈನಸ್ 5ರ ಗೆಳತಿಗೆ ಸುಮಾರು 60. ಒಟ್ಟು ದಪ್ಪ ಸಾಮಾನ್ಯವಾಗಿ 540ರ ಆಸುಪಾಸು. ಆರ್‌ಕೆಯಂಥ ದೊಡ್ಡ ಜಾರಿಕೆ ಇಲ್ಲಿ ಸಾಮಾನ್ಯವಲ್ಲ. ಹಾಗೆಂದು ತೊಂದರೆಯೇ ಇಲ್ಲ ಎನ್ನಲಾರೆವು. ಮೊದಲ ತಿಂಗಳುಗಳಲ್ಲಿ ಕಣ್ಣು ಒಣಗುವುದು ಬಹಳ ಜನರಿಗೆ ಆಗುತ್ತದೆ, ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆ. ಕಾರ್ನಿಯಾ ಮೊದಲೇ ತೆಳ್ಳಗಿದ್ದು ಶಂಕುವಿನಂತೆ ಮುಂದೆ ಚಾಚುವ ಕೆರಟೊಕೋನಸ್ ಇರುವವರು ಲಾಸಿಕ್ ಮಾಡಿಸಲೇಬಾರದು. ಅದಕ್ಕೇ ಆಪರೇಷನ್‌ಗೆ ಮುಂಚೆ ಕಾರ್ನಿಯಾದ ನಕ್ಷೆ ತೆಗೆಯುವುದು, ಅದಕ್ಕೇ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕೆಲವು ದಿನ ಬಿಟ್ಟು ಬನ್ನಿ ಎನ್ನುವುದು. ವಯಸ್ಸು 18 ದಾಟಿರಬೇಕು, ಕನಿಷ್ಠ ಒಂದು ವರ್ಷ ನಂಬರ್ ಬದಲಾಗದೆ ನಿಂತಿರಬೇಕು. ಬಸುರಿ, ಬಾಣಂತಿಯರು ಕಾಯಬೇಕು. ನಲವತ್ತು ದಾಟಿದ ಮೇಲೆ ಬರುವ ಚಾಳೀಸನ್ನು ಈ ಆಪರೇಷನ್ ತಡೆಯುವುದಿಲ್ಲ. ನಂಬರ್ ಹೋದರೂ ಉದ್ದದ ಕಣ್ಣುಗುಡ್ಡೆ ಉದ್ದವಾಗಿಯೇ ಇರುತ್ತದೆ, ಆದ್ದರಿಂದ ಹೆಚ್ಚು ಮೈನಸ್ ಇದ್ದವರು ಆಮೇಲೂ ರೆಟಿನಾ ಪರೀಕ್ಷೆ ಬಿಡುವಂತಿಲ್ಲ.

ಇನ್ನೊಂದು ಮಾತು: ಆಪರೇಷನ್‌ಗೆ ಮುಂಚಿನ ಅಳತೆಗಳ ಕಾಗದಗಳನ್ನು ಎಸೆಯಬೇಡಿ. ಏಕೆಂದು ಕೊನೆಯಲ್ಲಿ ತಿಳಿಯುತ್ತದೆ.

ಕಾಲು ಕಳೆದುಕೊಂಡು ಪೈಲಟ್ ಆಗದೇಹೋದ ಫ್ಯೋದೊರೊವ್ ದೊಡ್ಡವರಾದ ಮೇಲೆ ಹಾರುವುದನ್ನು ಕಲಿತೇಬಿಟ್ಟರು. 2000ದ ಜೂನ್ 2ರಂದು ತಾಂಬೊವ್ ನಗರದಿಂದ ಮರಳುವಾಗ ಅವರ ಸಂಸ್ಥೆಯದೇ ಹೆಲಿಕಾಪ್ಟರ್ ಮಾಸ್ಕೋದ ಅಂಚಿನಲ್ಲಿ ಬಿದ್ದು ತೀರಿಕೊಂಡರು. ಆಗ ಅವರಿಗೆ 72 ವರ್ಷ. ಮಾಸ್ಕೋದ ಅವರ ಸಂಸ್ಥೆ ಅವರ ಹೆಸರಿನಲ್ಲೇ ನಡೆಯುತ್ತಿದೆ, ಅಲ್ಲಿ ಈಗ ಲೇಸರ್‌ಗಳೇ ಕೆಲಸ ಮಾಡುತ್ತವೆ.

1970, 80ರ ದಶಕಗಳಲ್ಲಿ ಆರ್‌ಕೆ ಮಾಡಿಸಿಕೊಂಡ ಯುವಕ ಯುವತಿಯರಿಗೆ ಈಗ ಅರವತ್ತು, ಎಪ್ಪತ್ತು. ಅವರ ಕಣ್ಣಿಗೆ ಪೊರೆ ಬಂದಿದೆ. ಪೊರೆ ತೆಗೆದು ಒಳಗೆ ಇಡುವುದು ಚೆಬೊಕ್ಸರಿಯಲ್ಲಿ ಫ್ಯೋದೊರೊವ್ ಕೆಲಸ ಕಳೆದುಕೊಂಡೂ ಪಟ್ಟು ಹಿಡಿದಿದ್ದಂಥ ಮಸೂರವನ್ನೇ. ಆದರೆ ಯಾವ ಪವರ್‌ನ ಮಸೂರ ಇಡಬೇಕೆಂದು ಲೆಕ್ಕ ಹಾಕಲು ಕಾರ್ನಿಯಾದ ಸರಿಯಾದ ಆಕಾರ ಬೇಕು. ಗೀರು ಬಿದ್ದ ಕಾರ್ನಿಯಾ ಆ ಲೆಕ್ಕವನ್ನು ತಪ್ಪಿಸುತ್ತದೆ. ಡಾಕ್ಟರ್‌ಗಳು ಮೈಕ್ರೋಸ್ಕೋಪಿನಡಿ ಆ ಹಳೆಯ ಗೀರುಗಳನ್ನು ಎಣಿಸಿ, ನಲವತ್ತು ವರ್ಷ ಹಿಂದಿನ ಚೀಟಿ ಏನಾದರೂ ಉಳಿದಿದೆಯಾ ಎಂದು ರೋಗಿಗಳನ್ನು ಕೇಳುತ್ತಾರೆ.